ಎರಡು ವರ್ಷದ ವಾಯಿದೆ

2012ರ ಜೂನ್ 15ರಂದು ವಾಷಿಂಗ್ಟನ್ನಿನಲ್ಲಿ ಮೂರು ಪುಟದ ಮೆಮೊ ಒಂದು ಹೊರಬಿತ್ತು. ಬರೆದವರು ಅಮೆರಿಕದ ಹೋಂಲ್ಯಾಂಡ್ ಸೆಕ್ಯುರಿಟಿ ಇಲಾಖೆಯ ಕಾರ್ಯದರ್ಶಿ ಜಾನೆಟ್ ನಪೊಲಿಟಾನೊ. ನಮ್ಮಲ್ಲಿ ಕಾರ್ಯದರ್ಶಿ ಎಂದರೆ ಐಎಎಸ್ ಅಧಿಕಾರಿ. ಅಲ್ಲಿ ಸಂಪುಟದ ಸಚಿವರಿಗೇ ಆ ಹೆಸರು. ಗಡಿ ಕಾಯುವ, ವಲಸಿಗರನ್ನು ಹಿಡಿಯುವ, ವಲಸೆಯ ಅರ್ಜಿ ನೋಡುವ ಮೂರು ಸಂಸ್ಥೆಗಳ ಮುಖ್ಯಸ್ಥರಿಗೆ ಬರೆದ ಪತ್ರ ಅದು. ಅದೇ ದಿನ ಅಧ್ಯಕ್ಷ ಬರಾಕ್ ಒಬಾಮ ಶ್ವೇತಭವನದ ತೋಟದಲ್ಲಿ ನಿಂತು ವಿಷಯವನ್ನು ದೇಶಕ್ಕೆ ಹೇಳಿದರು. ಜನ ಡಾಕಾ ಎಂದು ಕರೆಯುವುದು ಇದನ್ನೇ. ಆ ಹೆಸರು ಮೆಮೊದಲ್ಲಿ ಎಲ್ಲೂ ಇಲ್ಲ.

ಇದು ಶಾಸನವಲ್ಲ, ಕೋರ್ಟಿನ ತೀರ್ಪಲ್ಲ, ಅಧ್ಯಕ್ಷರ ಆಜ್ಞೆಯೂ ಅಲ್ಲ. ಕಚೇರಿಯಿಂದ ಕಚೇರಿಗೆ ಹೋದ ಕಾಗದ. ಅದರ ನೆರಳಲ್ಲಿ 8 ಲಕ್ಷಕ್ಕೂ ಹೆಚ್ಚು ಯುವಕ ಯುವತಿಯರು ಕಾಲೇಜಿಗೆ ಹೋದರು, ಕೆಲಸ ಹಿಡಿದರು, ಸಾಲ ಮಾಡಿ ಮನೆ ಕೊಂಡರು, ಮಕ್ಕಳನ್ನು ಹೆತ್ತರು. ಅದರ ಒಂದೊಂದು ಪದವನ್ನೂ ವಕೀಲರು ಕೋರ್ಟಿನಿಂದ ಕೋರ್ಟಿಗೆ ಎಳೆದಾಡಿದರು. ಇಷ್ಟು ಹೊರೆ ಹೊತ್ತ ಗದ್ಯವನ್ನು ಹಳೆಯ ಟೀಕಾಕಾರರ ಹಾಗೆ ಬಿಡಿಸಿ ಓದಬೇಕು ಅನ್ನಿಸಿತು. ಸಾಲುಗಳ ಕನ್ನಡ ನನ್ನದು. ಎಲ್ಲವನ್ನೂ ಎತ್ತಿಕೊಂಡಿಲ್ಲ, ಜಗ್ಗಾಟಕ್ಕೆ ಸಿಕ್ಕ ಸಾಲುಗಳನ್ನು ಮಾತ್ರ ಆರಿಸಿದ್ದೇನೆ.

“ವಿಷಯ: ಮಕ್ಕಳಾಗಿ ಅಮೆರಿಕಕ್ಕೆ ಬಂದವರ ಮೇಲೆ ಕ್ರಮ ಜರುಗಿಸುವಲ್ಲಿ ವಿವೇಚನೆಯ ಬಳಕೆ.”

ಇಡೀ ಮೆಮೊ ನಿಂತಿರುವುದು ‘ವಿವೇಚನೆ’ ಎಂಬ ಪದದ ಮೇಲೆ. ಸಿಗ್ನಲ್ಲಿನಲ್ಲಿ ನಿಂತ ಪೇದೆಯ ಮುಂದೆ ಹತ್ತು ಜನ ಹೆಲ್ಮೆಟ್ಟಿಲ್ಲದೆ ಹೋದರೆ ಹತ್ತೂ ಜನರನ್ನು ಅವನು ಹಿಡಿಯಲಾರ. ಯಾರನ್ನು ತಡೆಯಬೇಕು, ಯಾರನ್ನು ಬಿಡಬೇಕು ಎಂದು ಆ ಕ್ಷಣಕ್ಕೆ ತೀರ್ಮಾನಿಸುತ್ತಾನೆ. ಬಿಟ್ಟ ಮಾತ್ರಕ್ಕೆ ಹೆಲ್ಮೆಟ್ ಕಾನೂನು ರದ್ದಾಗುವುದಿಲ್ಲ. ಆಗ ಅಮೆರಿಕದಲ್ಲಿ ಕಾಗದಪತ್ರವಿಲ್ಲದೆ ಬದುಕುತ್ತಿದ್ದವರು ಸುಮಾರು 1 ಕೋಟಿ 10 ಲಕ್ಷ ಮಂದಿ ಎಂದು ಅಂದಾಜು. ಅಷ್ಟು ಜನರನ್ನು ಗಡೀಪಾರು ಮಾಡುವಷ್ಟು ಸಿಬ್ಬಂದಿಯಾಗಲಿ ಹಣವಾಗಲಿ ಯಾವ ಸರ್ಕಾರದ ಬಳಿಯೂ ಇರಲಿಲ್ಲ. ಹಾಗಾಗಿ ಆಯ್ಕೆ ಮೊದಲಿನಿಂದಲೂ ನಡೆದೇ ಇತ್ತು. ಅದನ್ನು ಬಹಿರಂಗವಾಗಿ, ನಿಯಮ ಕಟ್ಟಿ ಮಾಡಿದ್ದು ಈ ಮೆಮೊದ ಹೊಸತನ.

ಮಾಡಿದ್ದೇನು? ಗಡೀಪಾರು ಕ್ರಮವನ್ನು ಮುಂದಕ್ಕೆ ಹಾಕಿದ್ದು. ನಮ್ಮ ತಾಲ್ಲೂಕು ಕೋರ್ಟುಗಳ ಆವರಣದಲ್ಲಿ ಇದಕ್ಕೆ ಸರಿಯಾದ ಮಾತಿದೆ: ವಾಯಿದೆ. ಕೇಸು ಮುಗಿಯಲಿಲ್ಲ, ಗೆಲ್ಲಲಿಲ್ಲ, ಸೋಲಲಿಲ್ಲ. ಇನ್ನೊಂದು ತಾರೀಖು ಸಿಕ್ಕಿತು. ಜಮೀನಿನ ವ್ಯಾಜ್ಯಕ್ಕೆ ಅಲೆದ ಮನೆಯವರಿಗೆ ಆ ಪದದ ರುಚಿ ಗೊತ್ತು. ಅಂದಿನ ಮಟ್ಟಿಗೆ ಉಸಿರು ಬಿಡಬಹುದು, ಮನೆಗೆ ಹೋಗಿ ಉಣ್ಣಬಹುದು, ಗದ್ದೆ ಉಳಬಹುದು. ಆದರೆ ಗದ್ದೆ ತನ್ನದೆಂದು ಹೇಳುವ ಹಾಗಿಲ್ಲ.

ಈ ವಾಯಿದೆ ಬೆಳಕಿಗೆ ಬಂದ ಕಥೆಯಲ್ಲಿ ಜಾನ್ ಲೆನನ್ ಇದ್ದಾರೆ. ಬೀಟಲ್ಸ್‌ನ ಆ ಗಾಯಕನನ್ನು ಲಂಡನ್ನಿನ ಹಳೆಯ ಗಾಂಜಾ ಪ್ರಕರಣವೊಂದರ ನೆಪದಲ್ಲಿ ನಿಕ್ಸನ್ ಸರ್ಕಾರ 1972ರಲ್ಲಿ ಗಡೀಪಾರು ಮಾಡಹೊರಟಿತು. ಅವರ ವಕೀಲ ಲಿಯಾನ್ ವೈಲ್ಡ್ಸ್ ಮಾಹಿತಿ ಹಕ್ಕಿನ ಕಾನೂನನ್ನು ಹಿಡಿದು ವಲಸೆ ಇಲಾಖೆಯ ಕಡತಗಳನ್ನು ಹೊರಗೆಳೆದರು. ಕರುಣೆ ತೋರಬೇಕಾದ ಪ್ರಕರಣಗಳನ್ನು ಇಲಾಖೆ ಸದ್ದಿಲ್ಲದೆ ಪಕ್ಕಕ್ಕಿಡುವ ಪದ್ಧತಿಯೊಂದು ವರ್ಷಗಳಿಂದ ಇತ್ತು ಎಂದು ಜಗತ್ತಿಗೆ ಗೊತ್ತಾದದ್ದು ಆಗ. ಲೆನನ್ 1975ರಲ್ಲಿ ಮೇಲ್ಮನವಿ ಗೆದ್ದರು, ಮರುವರ್ಷ ಗ್ರೀನ್ ಕಾರ್ಡ್ ಪಡೆದರು. ನಪೊಲಿಟಾನೊ ಬಳಸಿದ್ದು ಆ ಹಳೆಯ ಪದ್ಧತಿಯನ್ನೇ.

“ಮಕ್ಕಳಾಗಿದ್ದಾಗ ಈ ದೇಶಕ್ಕೆ ಕರೆತರಲ್ಪಟ್ಟು, ಈ ದೇಶವೊಂದನ್ನೇ ಮನೆಯೆಂದು ಬಲ್ಲ ಕೆಲವು ಯುವಜನರ ಮೇಲೆ…”

‘ಕರೆತರಲ್ಪಟ್ಟು’ ಎಂಬುದು ಕನ್ನಡದ ಕಿವಿಗೆ ಒರಟು. ಕರ್ಮಣಿ ಪ್ರಯೋಗ ನಮಗೆ ಒಗ್ಗುವುದಿಲ್ಲ. ಬೇಕೆಂದೇ ಉಳಿಸಿಕೊಂಡಿದ್ದೇನೆ, ಏಕೆಂದರೆ ಈ ಸಾಲಿನ ಜೀವ ಆ ಕ್ರಿಯಾಪದದಲ್ಲಿದೆ. ವಿಷಯದ ಸಾಲಿನಲ್ಲಿ ‘ಬಂದವರು’ ಎಂದಿತ್ತು. ಎರಡು ಗೆರೆ ದಾಟುವಷ್ಟರಲ್ಲಿ ಅವರೇ ‘ಕರೆತರಲ್ಪಟ್ಟವರು’ ಆಗಿದ್ದಾರೆ. ಬಂದವನಿಗೆ ಕರ್ತೃತ್ವವಿದೆ, ಹೊಣೆಯೂ ಇದೆ. ತಾಯಿಯ ಸೊಂಟದ ಮೇಲೆ ಕೂತು ರಿಯೊ ಗ್ರಾಂಡೆ ದಾಟಿದ ಎರಡು ವರ್ಷದ ಕೂಸಿಗೆ, ಪ್ರವಾಸಿ ವೀಸಾದಲ್ಲಿ ವಿಮಾನ ಹತ್ತಿ ಲಾಸ್ ಏಂಜಲೀಸ್‌ನಲ್ಲಿ ಇಳಿದು ಹಿಂದಿರುಗದೇ ಹೋದ ಕುಟುಂಬದ ಆರು ವರ್ಷದ ಹುಡುಗಿಗೆ ಯಾವ ಹೊಣೆ?

ಡಾಕಾ ಪಡೆದವರಲ್ಲಿ ಬಹುಪಾಲು ಮೆಕ್ಸಿಕೊದಲ್ಲಿ ಹುಟ್ಟಿದವರು. ಆಮೇಲೆ ಎಲ್ ಸಾಲ್ವಡಾರ್, ಗ್ವಾಟೆಮಾಲ, ಹೊಂಡುರಾಸ್. ದಕ್ಷಿಣ ಕೊರಿಯ, ಪೆರು, ಬ್ರೆಜಿಲ್‌ನವರೂ ಇದ್ದಾರೆ, ಭಾರತದಲ್ಲಿ ಹುಟ್ಟಿದವರೂ ಇದ್ದಾರೆ. ಎಷ್ಟೋ ಮಂದಿಗೆ ತಮ್ಮ ಬಳಿ ಕಾಗದವಿಲ್ಲ ಎಂಬುದೇ ಹದಿನಾರರ ಹೊತ್ತಿಗೆ ತಿಳಿಯುತ್ತದೆ. ಗೆಳೆಯರೆಲ್ಲ ಡ್ರೈವಿಂಗ್ ಲೈಸೆನ್ಸಿಗೆ ಓಡುವಾಗ, ಇಲ್ಲವೇ ಕಾಲೇಜಿನ ಅರ್ಜಿ ತುಂಬುವಾಗ, ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಕೇಳುವ ಪುಟ್ಟ ಚೌಕದ ಮುಂದೆ ಮಗು ಅಮ್ಮನ ಮುಖ ನೋಡುತ್ತದೆ. ‘ಮನೆಯೆಂದು ಬಲ್ಲ’ ಎಂಬ ಮಾತಿನ ಹಿಂದೆ ಆ ಸಂಜೆ ಇದೆ.

“ಸಾಮಾನ್ಯವಾಗಿ ಹೇಳುವುದಾದರೆ, ಇವರಿಗೆ ಕಾನೂನು ಮುರಿಯುವ ಉದ್ದೇಶವಿರಲಿಲ್ಲ.”

ಮೆಮೊದ ದಿನಾಂಕವನ್ನು ಮತ್ತೆ ನೋಡಿ. ಅದಕ್ಕೆ ಸರಿಯಾಗಿ ಮೂವತ್ತು ವರ್ಷ ಹಿಂದೆ, 1982ರ ಜೂನ್ 15ರಂದು, ಸುಪ್ರೀಂ ಕೋರ್ಟ್ ಪ್ಲೈಲರ್ ವಿರುದ್ಧ ಡೋ ಎಂಬ ಪ್ರಕರಣದಲ್ಲಿ ತೀರ್ಪು ಕೊಟ್ಟಿತ್ತು. ಈ ಸಾಲಿನ ಬೇರು ಅಲ್ಲಿದೆ.

ಕಾಗದವಿಲ್ಲದ ಮಕ್ಕಳ ಓದಿಗೆ ಸರ್ಕಾರದ ದುಡ್ಡು ಕೊಡುವುದಿಲ್ಲ ಎಂದು ಟೆಕ್ಸಾಸ್ ರಾಜ್ಯ 1975ರಲ್ಲಿ ಕಾನೂನು ಮಾಡಿತು. ಗುಲಾಬಿ ತೋಟಗಳಿಗೆ ಹೆಸರಾದ ಟೈಲರ್ ಎಂಬ ಊರಿನ ಶಾಲಾ ಆಡಳಿತ 1977ರಲ್ಲಿ ಅಂಥ ಮಕ್ಕಳಿಗೆ ತಲಾ ವರ್ಷಕ್ಕೆ 1,000 ಡಾಲರ್ ಶುಲ್ಕ ಹಾಕಿತು. ಕೂಲಿ ಮಾಡುವ ತಂದೆ ತಾಯಿ ಎಲ್ಲಿಂದ ತರಬೇಕು? ನಾಲ್ಕು ಕುಟುಂಬಗಳು ದಾವೆ ಹೂಡಿದವು. ವಿಚಾರಣೆ ಇದ್ದದ್ದು ನಸುಕಿನಲ್ಲಿ, ಯಾರ ಕಣ್ಣಿಗೂ ಬೀಳದಿರಲೆಂದು. ಅಲ್ಲೇ ಹಿಡಿದು ಗಡಿಯಾಚೆ ಕಳಿಸಿದರೆ ಇರಲಿ ಎಂದು ಆ ಕುಟುಂಬಗಳು ಕಾರಿನ ತುಂಬ ಸಾಮಾನು ತುಂಬಿಕೊಂಡೇ ಕೋರ್ಟಿಗೆ ಬಂದಿದ್ದವು. ಮಗುವನ್ನು ಎರಡನೇ ಕ್ಲಾಸಿಗೆ ಕಳಿಸುವ ಸಲುವಾಗಿ ಇಡೀ ಮನೆಯನ್ನೇ ಪಣಕ್ಕಿಟ್ಟ ಆ ಅಪ್ಪ ಅಮ್ಮಂದಿರನ್ನು ನೆನೆದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ತೀರ್ಪು 5–4. ಬರೆದವರು ನ್ಯಾಯಮೂರ್ತಿ ವಿಲಿಯಂ ಬ್ರೆನನ್. ಹಿರಿಯರು ಮಾಡಿದ್ದಕ್ಕೆ ಮಕ್ಕಳನ್ನು ದಂಡಿಸುವುದು ನ್ಯಾಯದ ಮೂಲ ಕಲ್ಪನೆಗೆ ಒಪ್ಪುವುದಿಲ್ಲ, ಓದಿಲ್ಲದ ಒಂದು ಕೆಳವರ್ಗವನ್ನು ದೇಶ ತನ್ನೊಳಗೇ ಸೃಷ್ಟಿಸಿಕೊಳ್ಳಬಾರದು ಎಂಬುದು ಅದರ ತಾತ್ಪರ್ಯ. ಅಂದಿನಿಂದ ಹನ್ನೆರಡನೇ ತರಗತಿಯವರೆಗೆ ಶಾಲೆಯ ಬಾಗಿಲು ತೆರೆದಿದೆ. ಹದಿಮೂರನೇ ವರ್ಷಕ್ಕೆ ಏನು? ತೀರ್ಪು ಮಾತಾಡುವುದಿಲ್ಲ. ಹನ್ನೆರಡು ವರ್ಷ ಓದಿಸಿ, ಬೆಳಗಾದರೆ ರಾಷ್ಟ್ರಧ್ವಜಕ್ಕೆ ಕೈ ಎದೆಯ ಮೇಲಿಡಿಸಿ, ಪದವಿಯ ಟೋಪಿ ತೊಡಿಸಿ, ಮರುದಿನ ನೀನು ಯಾರೋ ಎನ್ನುವ ವ್ಯವಸ್ಥೆ ಹಾಗೆ ಹುಟ್ಟಿತು.

ಆ ಕಂದರಕ್ಕೆ ಸೇತುವೆ ಕಟ್ಟಲೆಂದು 2001ರಲ್ಲಿ ಡೆಮಾಕ್ರಟ್ ಪಕ್ಷದ ಡಿಕ್ ಡರ್ಬಿನ್, ರಿಪಬ್ಲಿಕನ್ ಪಕ್ಷದ ಆರಿನ್ ಹ್ಯಾಚ್ ಸೆನೆಟ್ಟಿನಲ್ಲಿ ಡ್ರೀಮ್ ಮಸೂದೆ ಮಂಡಿಸಿದರು. ‘ಡ್ರೀಮರ್’ ಎಂಬ ಹೆಸರು ಬಂದದ್ದು ಅಲ್ಲಿಂದ. ವರ್ಷಗಟ್ಟಲೆ ಅದು ಅತ್ತಿತ್ತ ಓಲಾಡಿತು. 2010ರ ಹೊಸವರ್ಷದ ದಿನ ನಾಲ್ವರು ವಿದ್ಯಾರ್ಥಿಗಳು ಮಯಾಮಿಯಿಂದ ವಾಷಿಂಗ್ಟನ್ನಿಗೆ ಸುಮಾರು 1,500 ಮೈಲಿ ನಡಿಗೆ ಹೊರಟರು. ಅದೇ ವರ್ಷ ಶಿಕಾಗೊದ ಚೌಕವೊಂದರಲ್ಲಿ ಹುಡುಗ ಹುಡುಗಿಯರು ಮೈಕಿನ ಮುಂದೆ ತಮ್ಮ ಹೆಸರು ಹೇಳಿ, ನಮ್ಮ ಬಳಿ ಕಾಗದವಿಲ್ಲ, ನಮಗೆ ಹೆದರಿಕೆಯೂ ಇಲ್ಲ ಎಂದರು. ಡಿಸೆಂಬರಿನಲ್ಲಿ ಮಸೂದೆ ಕೆಳಮನೆಯಲ್ಲಿ 216–198ರಿಂದ ಗೆದ್ದಿತು. ಡಿಸೆಂಬರ್ 18ರಂದು ಸೆನೆಟ್ಟಿನಲ್ಲಿ ಪರವಾಗಿ ಬಿದ್ದದ್ದು 55 ಮತ, ವಿರುದ್ಧ 41. ನಮ್ಮ ಲೆಕ್ಕದಲ್ಲಿ ಇದು ಗೆಲುವು. ಅಲ್ಲಿ ಚರ್ಚೆ ಮುಗಿಸಿ ಮತಕ್ಕೆ ಹಾಕಲು 60 ಬೇಕು. ಐದು ಮತ ಸಾಲದೆ ಮಸೂದೆ ಬಿತ್ತು. ಗ್ಯಾಲರಿಯಲ್ಲಿ ಪದವಿಯ ಟೋಪಿ, ಗೌನು ತೊಟ್ಟು ಕೂತಿದ್ದ ವಿದ್ಯಾರ್ಥಿಗಳು ಅತ್ತರು. ಹದಿನೆಂಟು ತಿಂಗಳ ಮೇಲೆ ಬಂದ ಈ ಮೆಮೊವನ್ನು ಒಬಾಮ ಸರ್ಕಾರ ತಾನಾಗಿ ಕೈಯೆತ್ತಿ ಕೊಟ್ಟದ್ದೆಂದು ಓದಬಾರದು. ಆ ನಡಿಗೆ, ಆ ಮೈಕು, ಸಂಸದರ ಕಚೇರಿಗಳಲ್ಲಿ ಕೂತು ಬಂಧನಕ್ಕೊಳಗಾದವರ ಆ ಹಟ, ಎಲ್ಲ ಸೇರಿ ಅದನ್ನು ಕೈಯಿಂದ ಬಿಡಿಸಿದವು.

ಈ ಸಾಲಿನಲ್ಲೊಂದು ಮುಳ್ಳೂ ಇದೆ. ಮಕ್ಕಳಿಗೆ ಉದ್ದೇಶವಿರಲಿಲ್ಲ ಎಂದರೆ ಯಾರಿಗಿತ್ತು? ಮಕ್ಕಳನ್ನು ನಿರಪರಾಧಿಗಳೆಂದು ಎತ್ತಿ ಹಿಡಿಯುವ ಪ್ರತಿ ವಾಕ್ಯವೂ ಹಿಂದೆ ನಿಂತ ಅಪ್ಪ ಅಮ್ಮನನ್ನು ಕಟಕಟೆಗೆ ತಳ್ಳುತ್ತದೆ. ಇದನ್ನು ಮೊದಲು ಹೇಳಿದವರು ಆ ಯುವಜನರೇ. ನಮ್ಮನ್ನು ಕಾಪಾಡಲು ನಮ್ಮ ತಾಯಿಯನ್ನು ಅಪರಾಧಿ ಮಾಡಬೇಡಿ, ಕನಸು ಮೊದಲು ಕಂಡವಳು ಅವಳೇ ಎಂದರು. ಅವರ ಮಾತು ನ್ಯಾಯದ್ದು.

“16 ತುಂಬುವ ಮೊದಲು ಬಂದಿರಬೇಕು.”

ಅರ್ಥ ಸ್ಪಷ್ಟ.

“ಈ ಮೆಮೊದ ದಿನಾಂಕದ ಹಿಂದಿನ ಐದು ವರ್ಷ ಸತತವಾಗಿ ಇಲ್ಲಿ ವಾಸವಿದ್ದು, ಈ ದಿನಾಂಕದಂದು ಇಲ್ಲೇ ಇರಬೇಕು.”

ಐದು ವರ್ಷದ ಲೆಕ್ಕ 2007ರ ಜೂನ್ 15ಕ್ಕೆ ಮುಟ್ಟುತ್ತದೆ. ಆ ತಾರೀಖು ಕಲ್ಲಿನ ಗೆರೆ. ಮಾರನೆಯ ದಿನ ಬಂದ ಮಗುವಿಗೆ ಏನೂ ಇಲ್ಲ. ಅಕ್ಕನಿಗೆ ಸಿಕ್ಕಿ, ಆಮೇಲೆ ಬಂದ ತಮ್ಮನಿಗೆ ಸಿಗದ ಮನೆಗಳಿವೆ. ಆ ಮನೆಯಲ್ಲೇ ಇಲ್ಲಿ ಹುಟ್ಟಿದ ತಂಗಿ ಹುಟ್ಟಿನಿಂದಲೇ ಪ್ರಜೆ. ಒಂದೇ ಊಟದ ಮೇಜಿನ ಸುತ್ತ ಮೂರು ಬಗೆಯ ಮಕ್ಕಳು.

ಸತತ ವಾಸವನ್ನು ತೋರಿಸುವುದು ಹೇಗೆ? ಕಣ್ಣಿಗೆ ಬೀಳದೆ ಬದುಕುವುದನ್ನೇ ಅಭ್ಯಾಸ ಮಾಡಿಕೊಂಡ ಕುಟುಂಬಗಳಿಗೆ ಇದು ತಲೆಕೆಳಗಾದ ಪರೀಕ್ಷೆ. ಶಾಲೆಯ ಅಂಕಪಟ್ಟಿ, ಲಸಿಕೆಯ ಚೀಟಿ, ಬಾಡಿಗೆ ರಸೀದಿ, ದಂತವೈದ್ಯರ ಬಿಲ್ಲು, ಚರ್ಚಿನ ದೀಕ್ಷಾಪತ್ರ, ಇವನ್ನೆಲ್ಲ ಹಳೆಯ ಷೂ ಪೆಟ್ಟಿಗೆಗಳಿಂದ ಹುಡುಕಿ ತೆಗೆದರು. ಕಸವೆಂದು ಬಿಸಾಡದೆ ಕೂಡಿಟ್ಟ ತಾಯಂದಿರು ಮಕ್ಕಳ ಹಣೆಬರಹ ಉಳಿಸಿದರು. ಆ ಪೆಟ್ಟಿಗೆಯಲ್ಲಿ ಇನ್ನೊಂದೂ ಇತ್ತು: ಮನೆಯ ವಿಳಾಸ. ಅರ್ಜಿ ಹಾಕುವುದೆಂದರೆ ತಾವೆಲ್ಲಿದ್ದೇವೆ ಎಂದು ಸರ್ಕಾರಕ್ಕೆ ಬರೆದುಕೊಡುವುದು. ಇದಕ್ಕೆ ಬೇಕಾದ ನಂಬಿಕೆ ಎಷ್ಟು ದೊಡ್ಡದು ಎಂಬುದನ್ನು ಆಮೇಲಿನ ಸರ್ಕಾರಗಳು ಮರೆತವು.

ಕಲ್ಲಿನ ಗೆರೆಗಳ ಗುಣವೆಂದರೆ ಅವು ಸರಿಯುವುದಿಲ್ಲ. ಅಮೆರಿಕದ ವಲಸೆ ಕಾನೂನಿನಲ್ಲಿ ಹಳೆಯದೊಂದು ಕಲಂ ಇದೆ: ಇಂಥ ದಿನಾಂಕಕ್ಕಿಂತ ಮೊದಲಿನಿಂದ ಇಲ್ಲೇ ನೆಲೆಸಿದ, ನಡತೆ ಸರಿಯಿರುವವರಿಗೆ ಖಾಯಂ ವಾಸದ ಹಕ್ಕು ಕೊಡಬಹುದು. ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತು, ಕೊನೆಯ ಸಲ ಆ ದಿನಾಂಕವನ್ನು ಮುಂದೊತ್ತಿದ್ದು 1986ರಲ್ಲಿ. ಅಂದು ಇಟ್ಟ ದಿನಾಂಕ 1972ರ ಜನವರಿ 1. ಆಮೇಲೆ ಅದನ್ನು ಯಾರೂ ಮುಟ್ಟಿಲ್ಲ. ‘ಸಾಲಿನಲ್ಲಿ ನಿಂತು ಬರಬಾರದೇ’ ಎಂದು ಕೇಳುವವರಿಗೆ ಇದೊಂದೇ ಸಾಕು: ಇವರ ಪಾಲಿಗೆ ನಿಲ್ಲಲು ಸಾಲೇ ಇಲ್ಲ.

“ಶಾಲೆಯಲ್ಲಿ ಓದುತ್ತಿರಬೇಕು, ಇಲ್ಲವೇ ಪ್ರೌಢಶಾಲೆ ಮುಗಿಸಿರಬೇಕು, ತತ್ಸಮಾನ ಪ್ರಮಾಣಪತ್ರ ಪಡೆದಿರಬೇಕು, ಇಲ್ಲವೇ ಸೇನೆಯಿಂದ ಗೌರವದಿಂದ ನಿವೃತ್ತರಾಗಿರಬೇಕು.”

ಹದಿನಾಲ್ಕಕ್ಕೇ ಶಾಲೆ ಬಿಟ್ಟು ಸ್ಟ್ರಾಬೆರಿ ಕೀಳಲು ಹೋದ ಹುಡುಗ ಈ ಸಾಲಿನ ಹೊರಗೆ ಉಳಿದ. ಮತ್ತೆ ಕ್ಲಾಸಿಗೆ ಸೇರಿದರೆ ಒಳಗೆ ಬರಬಹುದಿತ್ತು, ಕೆಲವರು ಸೇರಿದರು. ಹೊಲದ ಕೆಲಸ ಬಿಡಲಾಗದವರು ಸೇರಲಿಲ್ಲ.

“ವಯಸ್ಸು 30 ಮೀರಿರಬಾರದು.”

ಮೆಮೊದ ದಿನ 31 ತುಂಬಿರಬಾರದು ಎಂದು ಇಲಾಖೆ ಅರ್ಥೈಸಿತು. ಈಗ ಸಣ್ಣ ಕೂಡುಕಳೆ. 2001ರ ವಸಂತದಲ್ಲಿ ಇಪ್ಪತ್ತು ತುಂಬಿದ್ದ ಹುಡುಗಿ, ಡ್ರೀಮ್ ಮಸೂದೆಯ ಸುದ್ದಿ ಕೇಳಿ ಹಿಗ್ಗಿದವಳು, 2012ಕ್ಕೆ 31. ಯಾರ ಮುಖ ನೆನೆದು ಮಸೂದೆ ಬರೆದರೋ ಅವರೇ ಹನ್ನೊಂದು ವರ್ಷ ಕಾದು ವಯಸ್ಸು ಮೀರಿದರು. ಹೋರಾಟಕ್ಕೆ ಮೊದಲು ಇಳಿದ ಎಷ್ಟೋ ಮಂದಿ ತಮ್ಮ ತಮ್ಮ ತಂಗಿಯರ ಅರ್ಜಿ ತುಂಬಿಕೊಟ್ಟು ಸುಮ್ಮನಾದರು.

ಇಲ್ಲಿ ಮೆಮೊದಲ್ಲಿಲ್ಲದ ಒಂದು ಸಾಲನ್ನೂ ಹೇಳಬೇಕು. ಅದು ಬಂದದ್ದು ಆಮೇಲೆ, ಇಲಾಖೆಯ ಮಾರ್ಗಸೂಚಿಯಲ್ಲಿ. ಮೆಮೊದ ದಿನ ಅರ್ಜಿದಾರರಿಗೆ ಕಾನೂನುಬದ್ಧ ವೀಸಾ ಇರಬಾರದು. ಹೀಗೆ ಹೊರಗುಳಿದವರಲ್ಲಿ ನಮ್ಮ ಕಡೆಯ ಮಕ್ಕಳಿದ್ದಾರೆ. ಬೆಂಗಳೂರು, ಮೈಸೂರಿನಿಂದ ಎಚ್-1ಬಿ ವೀಸಾದಲ್ಲಿ ಡಲ್ಲಾಸಿಗೋ ನ್ಯೂಜೆರ್ಸಿಗೋ ಫ್ರೀಮಾಂಟಿಗೋ ಹೋದ ಇಂಜಿನಿಯರು ಮೂರು ವರ್ಷದ ಮಗಳನ್ನು ಎಚ್-4 ವೀಸಾದಲ್ಲಿ ಕರೆದೊಯ್ದರು. ಅಪ್ಪ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿದರು. ಒಂದೊಂದು ದೇಶಕ್ಕೆ ಶೇ 7ರ ಮಿತಿ ಇರುವುದರಿಂದ ಭಾರತದಲ್ಲಿ ಹುಟ್ಟಿದವರ ಸರದಿ ದಶಕಗಳಷ್ಟು ಉದ್ದ. ಮಗಳಿಗೆ 21 ತುಂಬಿದ ದಿನ ಅವಳು ಅಪ್ಪನ ಅರ್ಜಿಯಿಂದ ಜಾರಿಬೀಳುತ್ತಾಳೆ. ವಿದ್ಯಾರ್ಥಿ ವೀಸಾ ಸಿಕ್ಕರೆ ಸರಿ, ಇಲ್ಲವಾದರೆ ಹೊರಡಬೇಕು. ಇಂಥವರು 2 ಲಕ್ಷಕ್ಕೂ ಹೆಚ್ಚು ಎಂದು ಅವರ ಪರ ದುಡಿಯುವ ‘ಇಂಪ್ರೂವ್ ದ ಡ್ರೀಮ್’ ಸಂಘಟನೆಯ ಅಂದಾಜು. ಕಾನೂನು ತಪ್ಪದೆ ನಡೆದದ್ದೇ ಇವರನ್ನು ಡಾಕಾದಿಂದ ದೂರವಿಟ್ಟಿತು. ನಮ್ಮ ಸಮುದಾಯದ ಕೆಲವರು ಮೆಕ್ಸಿಕೊದ ಮಕ್ಕಳನ್ನು ಬೇರೆ ಜಾತಿಯ ಸಮಸ್ಯೆ ಎಂಬಂತೆ ನೋಡುವುದನ್ನು ಕೇಳಿದ್ದೇನೆ. ಬೇಸರವಾಗುತ್ತದೆ. ಇಬ್ಬರನ್ನೂ ‘ಮನೆಯೆಂದು ಬಲ್ಲ’ ನೆಲದಿಂದ ಎಬ್ಬಿಸುವ ಕೈ ಒಂದೇ.

“ಕಾನೂನುಗಳನ್ನು ಪ್ರತಿಯೊಬ್ಬರ ಪರಿಸ್ಥಿತಿ ನೋಡದೆ ಕುರುಡಾಗಿ ಜಾರಿ ಮಾಡಲೆಂದು ರೂಪಿಸಿಲ್ಲ. ದುಡಿದು ಬಾಳುವ ಯುವಜನರನ್ನು ಅವರು ವಾಸಿಸಿಯೇ ಇರದ, ಭಾಷೆಯೂ ಬಾರದ ದೇಶಗಳಿಗೆ ಅಟ್ಟಲೆಂದೂ ರೂಪಿಸಿಲ್ಲ.”

ಮೆಮೊದಲ್ಲಿ ಹೃದಯದಿಂದ ಬಂದ ಮಾತು ಇದು. ಭಾಷೆಯನ್ನು ಹೆಸರಿಸಿದ್ದು ನನಗೆ ಮುಖ್ಯವಾಗಿ ಕಂಡಿತು. ಹುಟ್ಟಿದ ದೇಶದ ಪಾಸ್‌ಪೋರ್ಟು ಇರಬಹುದು. ಅಲ್ಲಿನ ಬಸ್ಸು ಹತ್ತಿ ಟಿಕೆಟ್ ಕೇಳಲು, ಅಲ್ಲಿನ ಆಸ್ಪತ್ರೆಯಲ್ಲಿ ನೋವು ಎಲ್ಲಿದೆ ಎಂದು ಹೇಳಲು ಮಾತು ಬೇಕು. ಅಮೆರಿಕದಲ್ಲಿ ವಾರಕ್ಕೊಮ್ಮೆ ಕನ್ನಡ ಕಲಿಯುವ ಮಗು ‘ಅಜ್ಜಿ, ನನಗೆ ಹಸಿವು ಬಂತು’ ಎನ್ನುವಷ್ಟು ಕಲಿತಿರುತ್ತದೆ. ಅಷ್ಟೇ ಬಂಡವಾಳದಲ್ಲಿ ಅದು ಹಾಸನದಲ್ಲಿ ಬದುಕು ಕಟ್ಟಲಾದೀತೇ?

‘ದುಡಿದು ಬಾಳುವ’ ಎಂಬ ವಿಶೇಷಣ ಬೇಡವಿತ್ತು. ಕಾಯಿಲೆಯವರು, ಶಾಲೆಯಲ್ಲಿ ಹಿಂದುಳಿದವರು, ಕೆಲಸ ಸಿಗದವರು ಕೂಡ ಅದೇ ಮನೆಯ ಮಕ್ಕಳು.

ಇನ್ನು ‘ರೂಪಿಸಿಲ್ಲ’ ಎಂಬುದು. ಇಲ್ಲಿ ನಪೊಲಿಟಾನೊ ಅವರನ್ನು ಒಪ್ಪಲಾರೆ. 1996ರಲ್ಲಿ ಕಾಂಗ್ರೆಸ್ ಮಾಡಿದ ಕಾನೂನು ನ್ಯಾಯಾಧೀಶರ ಕೈಯಲ್ಲಿದ್ದ ಕರುಣೆಯನ್ನು ಬಹುಮಟ್ಟಿಗೆ ಕಿತ್ತುಕೊಂಡಿತು. 18 ದಾಟಿದ ಮೇಲೆ ಕಾಗದವಿಲ್ಲದೆ ಆರು ತಿಂಗಳಿಗಿಂತ ಹೆಚ್ಚು ಇದ್ದು ಹೊರಹೋದರೆ ಮೂರು ವರ್ಷ, ಒಂದು ವರ್ಷ ಇದ್ದು ಹೋದರೆ ಹತ್ತು ವರ್ಷ ಮರಳುವಂತಿಲ್ಲ. ಗಡಿಯಲ್ಲಿ ತಪಾಸಣೆಯಿಲ್ಲದೆ ಬಂದವರು ಅಮೆರಿಕದ ಪ್ರಜೆಯನ್ನೇ ಮದುವೆಯಾದರೂ ಸಾಮಾನ್ಯವಾಗಿ ಹೊರಗೆ ಹೋಗಿಯೇ ಕಾಗದ ಮಾಡಿಸಬೇಕು. ಹೋದರೆ ಆ ಹತ್ತು ವರ್ಷದ ಬೀಗ ಬೀಳುತ್ತದೆ. ಕಾನೂನು ಕುರುಡಾಗಿ ಜಾರಿಯಾಗುತ್ತಿದೆ ಎನ್ನುವುದಕ್ಕಿಂತ ಅದನ್ನು ಕುರುಡಾಗಿಯೇ ಬರೆದಿದ್ದಾರೆ ಎನ್ನುವುದು ಸತ್ಯಕ್ಕೆ ಹತ್ತಿರ.

“ಅರ್ಜಿಗಳನ್ನು ಒಂದೊಂದಾಗಿ ಪರಿಶೀಲಿಸಿ ತೀರ್ಮಾನಿಸಬೇಕು.”

ಪುಟ್ಟ ಸಾಲು. ವಕೀಲರು ಇದರ ಮೇಲೆ ಸಾವಿರಾರು ಪುಟ ಬರೆದಿದ್ದಾರೆ. ಒಂದೊಂದಾಗಿ ನೋಡುವುದಾದರೆ ಅದು ವಿವೇಚನೆ. ಅರ್ಹತೆ ಇದ್ದವರಿಗೆಲ್ಲ ಮೊಹರು ಒತ್ತುವುದಾದರೆ ಅದು ಹೊಸ ಕಾನೂನು, ಅದನ್ನು ಮಾಡುವ ಹಕ್ಕು ಇಲಾಖೆಗಿಲ್ಲ. ವಿರೋಧಿ ರಾಜ್ಯಗಳ ವಾದ ಇಷ್ಟೇ.

2014ರ ನವೆಂಬರಿನಲ್ಲಿ ಒಬಾಮ ಸರ್ಕಾರ ಡಾಕಾವನ್ನು ಹಿಗ್ಗಿಸಿ, ಅಮೆರಿಕದ ಪ್ರಜೆಗಳಾದ ಮಕ್ಕಳಿರುವ ತಂದೆ ತಾಯಂದಿರಿಗೂ ಇಂಥದೇ ರಕ್ಷಣೆ ಕೊಡಹೊರಟಿತು. ಟೆಕ್ಸಾಸ್ ಮುಂದಾಳಾಗಿ 26 ರಾಜ್ಯಗಳು ಕೋರ್ಟಿಗೆ ಹೋದವು. ಗಡಿಯೂರು ಬ್ರೌನ್ಸ್‌ವಿಲ್‌ನ ನ್ಯಾಯಾಧೀಶ ಆಂಡ್ರ್ಯೂ ಹೇನನ್ 2015ರ ಫೆಬ್ರವರಿಯಲ್ಲಿ ತಡೆಯಾಜ್ಞೆ ಕೊಟ್ಟರು. ಸುಪ್ರೀಂ ಕೋರ್ಟಿಗೆ ಬರುವಷ್ಟರಲ್ಲಿ ನ್ಯಾಯಮೂರ್ತಿ ಆಂಟೊನಿನ್ ಸ್ಕಾಲಿಯ ತೀರಿಕೊಂಡಿದ್ದರು; 2016ರ ಜೂನಿನಲ್ಲಿ ಪೀಠ 4–4ಕ್ಕೆ ಸೀಳಿತು, ತಡೆಯಾಜ್ಞೆ ಉಳಿಯಿತು. ತಾಯಿ ತಂದೆಯರ ಯೋಜನೆ ಹುಟ್ಟುವ ಮೊದಲೇ ಸತ್ತಿತು. 2012ರ ಮೂಲ ಮೆಮೊ ಮಾತ್ರ ಆ ಏಟಿನಿಂದ ಪಾರಾಯಿತು.

“ಎರಡು ವರ್ಷದ ಅವಧಿಗೆ, ನವೀಕರಣಕ್ಕೆ ಒಳಪಟ್ಟು, ಕ್ರಮವನ್ನು ಮುಂದೂಡಬಹುದು.”

ವಾಯಿದೆಯ ಅಳತೆ ಇಲ್ಲಿದೆ. ಆರಂಭದಲ್ಲಿ ಶುಲ್ಕ 465 ಡಾಲರ್, ಆಮೇಲೆ ಏರಿತು. ಎರಡೆರಡು ವರ್ಷಕ್ಕೆ ಬೆರಳಚ್ಚು, ತಪಾಸಣೆ, ಶುಲ್ಕ, ಕಾಯುವಿಕೆ. ನಾಲ್ಕು ವರ್ಷದ ಪದವಿಗೆ ಎರಡು ವಾಯಿದೆ, ಮೂವತ್ತು ವರ್ಷದ ಗೃಹಸಾಲಕ್ಕೆ ಹದಿನೈದು.

2017ರ ಸೆಪ್ಟೆಂಬರ್ 5ರಂದು ಟ್ರಂಪ್ ಸರ್ಕಾರದ ಅಟಾರ್ನಿ ಜನರಲ್ ಜೆಫ್ ಸೆಷನ್ಸ್ ಡಾಕಾ ಮುಗಿಯಿತೆಂದು ಘೋಷಿಸಿದರು. ಮಾರ್ಚ್ 5ರೊಳಗೆ ಅವಧಿ ತೀರುವವರಿಗೆ ಕೊನೆಯ ನವೀಕರಣಕ್ಕೆ ಕೊಟ್ಟದ್ದು ಒಂದೇ ತಿಂಗಳು. ಮಾರ್ಚ್ 6ಕ್ಕೆ ಅವಧಿ ತೀರುವವರಿಗೆ ಅದೂ ಇಲ್ಲ. 2018ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ, ಬ್ರೂಕ್ಲಿನ್, ವಾಷಿಂಗ್ಟನ್ನಿನ ಫೆಡರಲ್ ನ್ಯಾಯಾಧೀಶರು ಒಬ್ಬರ ಹಿಂದೊಬ್ಬರು ಆ ರದ್ದತಿಯನ್ನು ತಡೆದರು. ಎರಡು ವರ್ಷಕ್ಕೂ ಹೆಚ್ಚು ಕಾಲ ನವೀಕರಣ ನಡೆದದ್ದು ಈ ಕೋರ್ಟುಗಳ ಬಲದಿಂದ.

2020ರ ಜೂನ್ 18ರಂದು ಸುಪ್ರೀಂ ಕೋರ್ಟ್ 5–4ರಿಂದ ರದ್ದತಿಯನ್ನು ತಳ್ಳಿಹಾಕಿತು. ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಬರೆದ ತೀರ್ಪನ್ನು ಡಾಕಾಕ್ಕೆ ಸಿಕ್ಕ ಮಾನ್ಯತೆ ಎಂದು ಎಷ್ಟೋ ಮಂದಿ ಓದಿದರು. ಅದು ಹಾಗಿಲ್ಲ. ಸರ್ಕಾರ ಬೇಕಾದರೆ ಡಾಕಾ ನಿಲ್ಲಿಸಬಹುದು, ಆದರೆ ಸರಿಯಾದ ಕಾರಣ ಕೊಟ್ಟು ನಿಲ್ಲಿಸಬೇಕು. ಇದನ್ನು ನಂಬಿ ಓದು, ಮನೆ, ಮದುವೆ, ಉದ್ಯೋಗ ಕಟ್ಟಿಕೊಂಡವರ ಗತಿಯೇನೆಂದು ಯೋಚಿಸಿಯೇ ಇಲ್ಲ, ಗಡೀಪಾರಿನಿಂದ ರಕ್ಷಣೆಯನ್ನಾದರೂ ಉಳಿಸಬಹುದೇ ಎಂದೂ ನೋಡಿಲ್ಲ ಎಂದಿತು ಕೋರ್ಟು. ಮುಂದಿನ ತಿಂಗಳ ಕೊನೆಗೆ ಇಲಾಖೆಯ ಹಂಗಾಮಿ ಮುಖ್ಯಸ್ಥ ಚಾಡ್ ವೂಲ್ಫ್ ಹೊಸ ಅರ್ಜಿ ನಿಲ್ಲಿಸಿ, ಎರಡು ವರ್ಷವನ್ನು ಒಂದಕ್ಕೆ ಇಳಿಸಿದರು. ಅವರು ಆ ಕುರ್ಚಿಯಲ್ಲಿ ಕೂತದ್ದೇ ಕಾನೂನುಬದ್ಧವಲ್ಲ ಎಂದು ಬ್ರೂಕ್ಲಿನ್‌ನ ನ್ಯಾಯಾಧೀಶರು ಹೇಳಿದ ಮೇಲೆ ಡಿಸೆಂಬರಿನಲ್ಲಿ ಎಲ್ಲ ಹಿಂದಿನಂತಾಯಿತು.

ಅದೂ ನಿಲ್ಲಲಿಲ್ಲ. 2021ರ ಜುಲೈ 16ರಂದು ಅದೇ ಹೇನನ್, ಈ ಸಲ ಮೂಲ ಮೆಮೊವನ್ನೇ ಕಾನೂನುಬಾಹಿರ ಎಂದರು. ಹಳಬರು ನವೀಕರಿಸಿಕೊಳ್ಳಬಹುದು, ಹೊಸಬರಿಗೆ ಮಂಜೂರು ಮಾಡುವಂತಿಲ್ಲ. 2012ರಲ್ಲಿ ಐದು ವರ್ಷದವನಿದ್ದ, ಎಲ್ಲ ಷರತ್ತಿಗೂ ಸರಿಹೊಂದುತ್ತಿದ್ದ ಹುಡುಗ ಅರ್ಜಿಗೆ ಬೇಕಿದ್ದ 15 ತುಂಬಲಿ ಎಂದು ಕಾದಿದ್ದ. ತುಂಬಿದಾಗ ಬಾಗಿಲಿಗೆ ಅಗುಳಿ ಬಿದ್ದಿತ್ತು. ಸಾವಿರಾರು ಅರ್ಜಿಗಳು ಶುಲ್ಕ ಸಮೇತ ಕಚೇರಿಯಲ್ಲಿ ಹಾಗೇ ಬಿದ್ದಿವೆ.

“ಈ ಅವಧಿಯಲ್ಲಿ ಕೆಲಸದ ಪರವಾನಗಿಗೆ ಇವರು ಅರ್ಹರೇ ಎಂದು ನಿರ್ಧರಿಸಲು ಅರ್ಜಿ ಸ್ವೀಕರಿಸಬೇಕು.”

ಮೆಮೊದ ಕೊನೆಗೆ ಅಂಟಿಸಿದಂತೆ ಕಾಣುವ ಈ ಸಾಲು ಬದುಕಿಗೆ ಎಲ್ಲಕ್ಕಿಂತ ದೊಡ್ಡದು. 1986ರ ಕಾನೂನಿನ ಪ್ರಕಾರ ಪರವಾನಗಿ ಇಲ್ಲದವರನ್ನು ಕೆಲಸಕ್ಕಿಟ್ಟುಕೊಂಡ ಮಾಲೀಕನಿಗೆ ದಂಡ. ಹಾಗಾಗಿ ಕಾರ್ಡು ಕೈಗೆ ಬಂದ ವಾರವೇ ಪಾತ್ರೆ ತೊಳೆಯುತ್ತಿದ್ದವರು ಬ್ಯಾಂಕಿನ ಕೌಂಟರಿಗೆ, ನರ್ಸಿಂಗ್ ಕಾಲೇಜಿಗೆ, ಶಾಲೆಯ ಬೋಧಕರ ಕೊಠಡಿಗೆ ಹೋದರು. ಜನ ಅಂಗೈಯಲ್ಲಿ ಹಿಡಿದು ಅತ್ತ ಕಾರ್ಡು ಇದು.

ವಕೀಲರು ಕತ್ತಿ ಇಟ್ಟದ್ದೂ ಇಲ್ಲೇ. 2025ರ ಜನವರಿ 17ರಂದು ನ್ಯೂ ಆರ್ಲಿಯನ್ಸ್‌ನ ಐದನೇ ಸರ್ಕೀಟ್ ಮೇಲ್ಮನವಿ ಕೋರ್ಟು ಎರಡನ್ನೂ ಬೇರ್ಪಡಿಸಿತು: ಗಡೀಪಾರು ಮಾಡದಿರುವುದು ಒಂದು, ಕೆಲಸದ ಪರವಾನಗಿ ಇನ್ನೊಂದು. ಮೊದಲನೆಯದು ಉಳಿಯಬಹುದು, ಎರಡನೆಯದು ಕಾನೂನಿಗೆ ಹೊಂದುವುದಿಲ್ಲ ಎಂದು ಹೇಳಿ, ಆದೇಶವನ್ನು ಟೆಕ್ಸಾಸಿಗೆ ಸೀಮಿತಗೊಳಿಸಿತು. ತೀರ್ಪಿನ ಫಲ ಯಥಾವತ್ತಾಗಿ ಇಳಿದರೆ ಹ್ಯೂಸ್ಟನ್ನಿನ ದಾದಿ ಊರಲ್ಲಿರಬಹುದು, ಆಸ್ಪತ್ರೆಗೆ ಕಾಲಿಡುವಂತಿಲ್ಲ ಎಂದಾಗುತ್ತದೆ. ಟೆಕ್ಸಾಸಿಗೆ ದಾವೆ ಹೂಡುವ ಹಕ್ಕು ಹೇಗೆ ಬಂತೆಂದರೆ, ಈ ಜನರ ವೈದ್ಯಕೀಯ ಹಾಗೂ ಶಿಕ್ಷಣದ ಖರ್ಚು ತನ್ನ ಮೇಲೆ ಬೀಳುತ್ತಿದೆ ಎಂಬ ವಾದದಿಂದ. ಟೈಲರ್ ಊರಿನ ನಾಲ್ಕು ಕುಟುಂಬಗಳು ಗೆದ್ದುಕೊಟ್ಟ ಶಾಲೆಯ ಹಕ್ಕನ್ನು ನಲವತ್ತು ವರ್ಷದ ಮೇಲೆ ಅದೇ ರಾಜ್ಯ ನಷ್ಟದ ಪಟ್ಟಿಯಲ್ಲಿ ಬರೆಯಿತು.

“ಈ ಮೆಮೊ ಯಾವ ಹಕ್ಕನ್ನಾಗಲಿ, ವಲಸೆ ಸ್ಥಾನಮಾನವನ್ನಾಗಲಿ, ಪೌರತ್ವದ ದಾರಿಯನ್ನಾಗಲಿ ಕೊಡುವುದಿಲ್ಲ. ಅವನ್ನು ಕೊಡಬಲ್ಲದ್ದು ಕಾಂಗ್ರೆಸ್ ಮಾತ್ರ.”

ಪ್ರಾಮಾಣಿಕವಾದ ಸಾಲು. ಕೈಯಲ್ಲಿಲ್ಲದ್ದನ್ನು ಕೊಡುತ್ತೇನೆ ಎಂದು ಆಕೆ ಹೇಳಲಿಲ್ಲ. ಚೆಂಡು ಹೋದದ್ದು ಕಾಂಗ್ರೆಸ್ಸಿನ ಅಂಗಳಕ್ಕೆ. ಅಲ್ಲಿ ಏನಾಯಿತು? 2018ರ ಫೆಬ್ರವರಿಯಲ್ಲಿ ಸೆನೆಟ್ಟಿನ ಮುಂದೆ ನಾಲ್ಕು ಪ್ರಸ್ತಾಪ ಬಂದವು, ನಾಲ್ಕೂ ಬಿದ್ದವು. ಒಂದಕ್ಕೆ 54 ಮತ ಬಿತ್ತು, ಮತ್ತೆ 60 ಆಗಲಿಲ್ಲ. 2021ರ ಮಾರ್ಚಿನಲ್ಲಿ ಕೆಳಮನೆ 228–197ರಿಂದ ಮಸೂದೆಯೊಂದನ್ನು ದಾಟಿಸಿತು, ಸೆನೆಟ್ ಅದನ್ನು ಮತಕ್ಕೆ ಹಾಕಲಿಲ್ಲ. ಡ್ರೀಮರುಗಳ ಮೇಲೆ ಪ್ರೀತಿಯಿದೆ ಎಂದು ಎರಡೂ ಪಕ್ಷದವರು ಹೇಳುತ್ತಾರೆ. ಆ ಪ್ರೀತಿಯನ್ನು ಗಡಿಗೋಡೆಗೋ, ಬಜೆಟ್ಟಿಗೋ, ಮುಂದಿನ ಚುನಾವಣೆಗೋ ಒತ್ತೆ ಇಡದೆ ಅವರು ಕೊಟ್ಟದ್ದಿಲ್ಲ. ಕೋರ್ಟುಗಳನ್ನು ನಾನು ಅಷ್ಟಾಗಿ ದೂರಲಾರೆ, ಸೆನೆಟ್ಟನ್ನು ದೂರುತ್ತೇನೆ.

“ಅದನ್ನೇ ನಾನಿಲ್ಲಿ ಮಾಡಿದ್ದೇನೆ.”

ವಿವೇಚನೆಯ ನೀತಿಯನ್ನು ರೂಪಿಸುವುದು ಕಾರ್ಯಾಂಗಕ್ಕೆ ಬಿಟ್ಟದ್ದು ಎಂದು ಹೇಳಿ, ಕೊನೆಗೆ ಈ ಮಾತು, ಕೆಳಗೆ ಸಹಿ. ‘ನಾನು’ ಎಂಬುದನ್ನು ಗಮನಿಸಬೇಕು. ಒಬ್ಬರ ಸಹಿ ಕೊಟ್ಟದ್ದನ್ನು ಇನ್ನೊಬ್ಬರ ಸಹಿ ಕಿತ್ತುಕೊಳ್ಳಬಹುದು. 2017ರಲ್ಲಿ ಇಲೇನ್ ಡ್ಯೂಕ್ ಅದೇ ಕುರ್ಚಿಯಿಂದ ಕಿತ್ತುಕೊಂಡರು. ಅಷ್ಟರಲ್ಲಿ ನಪೊಲಿಟಾನೊ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಅಧ್ಯಕ್ಷೆಯಾಗಿದ್ದರು. ತಾವು ನಡೆಸಿದ್ದ ಇಲಾಖೆಯ ಮೇಲೆಯೇ ಆ ವಿಶ್ವವಿದ್ಯಾಲಯ ದಾವೆ ಹೂಡಿತು. 2020ರಲ್ಲಿ ರಾಬರ್ಟ್ಸ್ ತೀರ್ಪು ಬರೆದ ಪ್ರಕರಣ ಅದೇ. ಮೆಮೊದ ತಲೆಯಲ್ಲಿ ವಿಳಾಸದಾರರಾಗಿ ಕಾಣುವ ಮೂವರಲ್ಲಿ ಒಬ್ಬರಾದ ಅಲೆಹಾಂದ್ರೊ ಮಯೋರ್ಕಸ್ ಮುಂದೆ ತಾವೇ ಆ ಕುರ್ಚಿಗೆ ಬಂದು, 2022ರಲ್ಲಿ ಮೆಮೊವನ್ನು ವಿಧಿವತ್ತಾದ ನಿಯಮವನ್ನಾಗಿ ಹೊರಡಿಸಿದರು. 2023ರ ಸೆಪ್ಟೆಂಬರಿನಲ್ಲಿ ಹೇನನ್ ಅದನ್ನೂ ತಳ್ಳಿಹಾಕಿದರು.

ಅವಧಿ ಮುಗಿಯುವ 120ರಿಂದ 150 ದಿನ ಮೊದಲು ನವೀಕರಣದ ಅರ್ಜಿ ಕಳಿಸಿ ಎಂದು ಇಲಾಖೆ ಸೂಚಿಸುತ್ತದೆ. ನಮೂನೆಯ ಹೆಸರು ಐ-821ಡಿ. 2012ರ ಆಗಸ್ಟಿನಲ್ಲಿ ಮೊದಲ ದಿನವೇ ಸಾಲಿನಲ್ಲಿ ನಿಂತ 15ರ ಹುಡುಗ ಅದನ್ನು 2014ರಲ್ಲಿ ತುಂಬಿದ, 2016ರಲ್ಲಿ, 2018ರಲ್ಲಿ, 2020ರಲ್ಲಿ, 2022ರಲ್ಲಿ, 2024ರಲ್ಲಿ ತುಂಬಿದ. ಮೊದಲ ಪುಟದಲ್ಲಿ ಈಗಿನ ವಿಳಾಸ ಬರೆಯಲು ಜಾಗವಿದೆ.